ಕರೆಯದೆ ಹೋಗದ ಪ್ರಭುಲಿಂಗಪ್ಪ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಪುಸ್ತಕದ ಅಂಗಡಿ ಇದೆ. ಪುಸ್ತಕದ ಅಂಗಡಿ ಎಂಬುದು ಬೋರ್ಡಿನ ಮೇಲಷ್ಟೇ. ಮಾರುವುದು ನೋಟ್‌ಬುಕ್ಕು, ಎಸ್ಸೆಸ್ಸೆಲ್ಸಿ ಗೈಡು, ಮದುವೆಯ ಸೀಸನ್ನು ಬಂದರೆ ಲಗ್ನಪತ್ರಿಕೆ. ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂದು ಬೀಗರೊಡನೆ ಜಗಳವಾಡಿ ಆಡಿ ನನ್ನ ನಾಲಿಗೆ ಕೆಟ್ಟಿದೆ. ನಮ್ಮೂರಿನ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನನ್ನದು ಅದರ ಉಲ್ಟಾ ಎಂದು ಊರವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಪಕ್ಕದ್ದು ಪ್ರಭುಲಿಂಗಪ್ಪನವರ ಫೋಟೋ ಸ್ಟುಡಿಯೋ. ನಡುವೆ ಒಂದೇ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಗಿರಾಕಿಯನ್ನು ಬೈದರೆ ಅವರಿಗೆ ಕೇಳುತ್ತದೆ. ನಾನು ಅವರನ್ನು ಪ್ರಭಣ್ಣ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಾರೆ. ಹುಟ್ಟಿದ್ದು ಹೊಸರಿತ್ತಿಯಲ್ಲಿ, ಮದುವೆಯಾಗಲಿಲ್ಲ, ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ನಿದ್ದೆ. ತಾಲ್ಲೂಕಿನ ಮದುವೆಗಳಲ್ಲಿ ಅರ್ಧದಷ್ಟಕ್ಕೆ ಅವರದೇ ಕ್ಯಾಮೆರಾ. ಆದರೆ ಆ ಮದುವೆಗಳಲ್ಲಿ ಒಂದರಲ್ಲೂ ಅವರು ಪಂಕ್ತಿಗೆ ಕೂತು ಊಟ ಮಾಡಿದ್ದಿಲ್ಲ. ಕಲ್ಯಾಣ ಮಂಟಪದ ಹಿಂದೆ, ಜನರೇಟರಿನ ಪಕ್ಕ, ಡಬ್ಬಿಯಿಂದ ತಮ್ಮದೇ ರೊಟ್ಟಿ ತೆಗೆದು ತಿನ್ನುವರು.

"ನನಗ ಕೆಲಸಕ್ಕ ಹೇಳ್ಯಾರ್ರಿ ಅಕ್ಕಾರ. ಲಗ್ನಕ್ಕ ಕರದಿಲ್ಲ" ಎಂಬುದು ಅವರ ಲೆಕ್ಕ.

ನಮ್ಮ ಕಡೆ ಕರೆಯುವುದೆಂದರೆ ಸಣ್ಣ ಮಾತಲ್ಲ. ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ, ಬಾಗಿಲಿಗೆ ಹೋಗಿ, ಕುಂಕುಮ ಹಚ್ಚಿ, ಬಾಯಿಬಿಟ್ಟು ಹೆಸರು ಹಿಡಿದು "ಬರಬೇಕ್ರಿ" ಎನ್ನಬೇಕು. ಅಂಚೆಯಲ್ಲಿ ಹಾಕಿದರೆ ಕರೆದಂತಲ್ಲ. ಯಾರದೋ ಕೈಯಲ್ಲಿ ಕಳಿಸಿದರಂತೂ ಬೈದಂತೆ. ಆದರೆ ಮನೆಯವರನ್ನು ಮಾತ್ರ ಯಾರೂ ಕರೆಯುವುದಿಲ್ಲ, ಕರೆಯುವುದು ಹೊರಗಿನವರನ್ನು. ಈ ಎರಡು ಪದ್ಧತಿಗಳ ನಡುವೆ ಸಿಕ್ಕಿಕೊಂಡವರು ಪ್ರಭಣ್ಣ.

ಅವರ ಅಣ್ಣ ರುದ್ರಮುನಿಯವರ ಮಗಳು ಪುಷ್ಪಾವತಿಯ ಮದುವೆಯ ಪತ್ರಿಕೆ ಆದದ್ದು ನನ್ನ ಅಂಗಡಿಯಲ್ಲೇ. ಕೆಳಗೆ 'ಸುಖಾಗಮನ ಬಯಸುವವರು' ಎಂಬಲ್ಲಿ ಎರಡನೆಯ ಹೆಸರೇ ಪ್ರಭುಲಿಂಗಪ್ಪ. ಪ್ರೂಫ್ ಓದಿ ಅವರೇ ನಕ್ಕಿದ್ದರು. ಆದರೆ ಅಣ್ಣ ಬಾಗಿಲಿಗೆ ಬಂದು ಕರೆಯಲಿ ಎಂದು ಕಾದರು. ಅಣ್ಣ ಬರಲಿಲ್ಲ. ಮದುವೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ, ಸ್ಟುಡಿಯೋದ ಕುರ್ಚಿಯಲ್ಲಿ ಕೂತರು. ಅಣ್ಣನ ಊರು ಹೊಸರಿತ್ತಿಯ ಕಡೆಯ ಬಸ್ಸು ಬಂತು, ಹೋಯಿತು. ಸಂಜೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

"ಮನಿಯವನನ್ನ ಯಾರ ಕರೀತಾರ?" ಎಂದು ಅಣ್ಣ ಅಲ್ಲಿ ಸಿಟ್ಟಾದರಂತೆ. "ಬಾ ಅಂತ ಒಂದ ಮಾತ ಅಂದಿದ್ರ ಏನ ಕಳಕೋತಿದ್ದ?" ಎಂದು ಇವರು ಇಲ್ಲಿ. ಇಬ್ಬರೂ ಕಲ್ಲು. ವರ್ಷಗಳು ಹಾಗೇ ಹೋದವು, ಒಂದು ದಿನ ರುದ್ರಮುನಿಯವರು ತೀರಿಕೊಂಡರು. ಸಾವಿಗೆ ಕರೆಯುವ ಪದ್ಧತಿ ಇಲ್ಲ, ಸುದ್ದಿ ಕೇಳಿದವರು ಹೋಗಬೇಕು. ಪ್ರಭಣ್ಣ ಹೋದರು, ಒಂದು ಹಿಡಿ ಮಣ್ಣು ಹಾಕಿದರು, ಮುಂದಿನ ಬಸ್ಸಿಗೆ ತಿರುಗಿ ಬಂದರು.

ಕೆಲವು ತಿಂಗಳ ಮೇಲೆ ಅತ್ತಿಗೆ ಮುತ್ತವ್ವ ಮೊಮ್ಮಗನಿಗೆ ನೋಟ್‌ಬುಕ್ಕು ಕೊಳ್ಳಲು ನನ್ನ ಅಂಗಡಿಗೆ ಬಂದವಳು, ಆ ಮದುವೆಯ ದಿನ ತನ್ನ ಗಂಡ ತಮ್ಮನನ್ನು ಕರೆದದ್ದರ ಕತೆ ಹೇಳಿ ಕಣ್ಣೊರೆಸಿಕೊಂಡಳು. ನಾನು ಅದನ್ನು ಪ್ರಭಣ್ಣನಿಗೆ ಹೇಳತೊಡಗಿದರೆ ಅರ್ಧಕ್ಕೇ ಕೈ ಎತ್ತಿಬಿಟ್ಟರು.

"ಅಲ್ಲಿ ನಿಂತು ಕರದ್ರ ಇಲ್ಲಿ ನನಗ ಕೇಳಸ್ತದೇನ್ರಿ? ಬಾಗಲಕ್ಕ ಬಂದ ಕರೀಬೇಕಿತ್ತು. ಸಾಕ ಬಿಡ್ರಿ ಅಕ್ಕಾರ."

ಸಾಕು ಎಂದರು, ಬಿಟ್ಟೆ. ಮೊಂಡರ ಜೊತೆ ತಲೆ ಚಚ್ಚಿಕೊಳ್ಳಲು ನನಗೇನು ಬೇರೆ ಕೆಲಸವಿಲ್ಲವೆ?

ಇಂಥ ಮನುಷ್ಯನಿಗೆ ಒಂದು ಜಗತ್ತು ಸಿಕ್ಕಿದ್ದು ಕಂಪ್ಯೂಟರಿನೊಳಗೆ. ಕ್ಯಾಮೆರಾಗಳು ಡಿಜಿಟಲ್ ಆದ ಹೊಸತು. ಮೈಲಾರೆಪ್ಪ ಎಂಬ ರೈತರ ಮಗಳ ಮದುವೆಯ ಫೋಟೋಗಳನ್ನು ಪ್ರಭಣ್ಣ ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಟಕಟಕ ಎಂದು ಸದ್ದು ಮಾಡಿ ಸತ್ತಿತು. ಹುಬ್ಬಳ್ಳಿಗೆ ಒಯ್ದರೂ ಬದುಕಲಿಲ್ಲ. ಆಲ್ಬಮ್ ಕೇಳಲು ಬಂದ ಮೈಲಾರೆಪ್ಪ ಬೈಯಲಿಲ್ಲ. "ನಮ್ಮವ್ವ ಕರಿಯವ್ವ ನಕ್ಕಿದ್ದು ಅದರಾಗ ಒಂದ ಇತ್ತು ನೋಡ್ರಿ. ಮದುವಿ ಆದ ವಾರಕ್ಕ ಹೋಗಿಬಿಟ್ಲು" ಎಂದು ಹೇಳಿ ಎದ್ದು ಹೋದರು.

"ಬೈದಿದ್ರ ಚೊಲೊ ಇತ್ತು ಅಕ್ಕಾರ" ಎಂದು ಪ್ರಭಣ್ಣ ಆ ವಾರವೆಲ್ಲ ಅದನ್ನೇ ಅಂದರು.

ಅಂದಿನಿಂದ ಹುಡುಕಾಟ. ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸಿದ್ದಲಿಂಗೇಶನ ಹತ್ತಿರ ವಾರಕ್ಕೆರಡು ಸಲ ಹೋಗಿ, ತಮ್ಮ ಅರ್ಧ ವಯಸ್ಸಿನ ಹುಡುಗರ ನಡುವೆ ಕೂತು, ಪ್ರೋಗ್ರಾಮು ಬರೆಯುವುದನ್ನು ಕಲಿತರು. ಆಮೇಲೆ ಎಲ್ಲಿಂದಲೋ 'ಸೆಲೇರೊ' ಎಂಬ ಸಾಫ್ಟ್‌ವೇರನ್ನು ಹಿಡಿದು ತಂದರು. ಬ್ರೆಜಿಲ್ಲಿನ ತೆರೇಜಾ ಎಂಬ ಹೆಣ್ಣುಮಗಳು ಶುರುಮಾಡಿದ್ದು; ಅವರ ಭಾಷೆಯಲ್ಲಿ ಸೆಲೇರೊ ಎಂದರೆ ಕಣಜವಂತೆ. ನೀವು ಒಂದು ಫೋಟೋ ಕೊಟ್ಟರೆ ಅದು ಮೂರು ಊರಿನ ಮೂರು ಕಂಪ್ಯೂಟರಿನಲ್ಲಿ ಮೂರು ಪ್ರತಿ ಇಡುತ್ತದೆ. ಒಂದು ಸತ್ತರೆ ಉಳಿದೆರಡು ಕೂಡಿ ಮತ್ತೊಂದನ್ನು ಹುಟ್ಟಿಸುತ್ತವೆ. ಪ್ರಭಣ್ಣ ಒಂದು ಕಂಪ್ಯೂಟರನ್ನು ಸ್ಟುಡಿಯೋದಲ್ಲಿಟ್ಟರು, ಒಂದನ್ನು ಸಿದ್ದಲಿಂಗೇಶನ ಕ್ಲಾಸಿನಲ್ಲಿ, ಮೂರನೆಯದನ್ನು ಹಾವೇರಿಯ ಕೋರ್ಟಿನೆದುರು ಝೆರಾಕ್ಸ್ ಅಂಗಡಿ ನಡೆಸುವ ಸಕೀನಾಬಿಯ ಮೇಜಿನ ಕೆಳಗೆ.

"ಇದಕ್ಕ ಮೋಡದಾಗ ಇಡೂದು ಅಂತಾರ್ರಿ ಅಕ್ಕಾರ."

"ನಮ್ಮೂರ ಮೋಡದಾಗ ನೀರ ನಿಂದರೂದಿಲ್ಲ. ಫೋಟೋ ನಿಂದರ್ತಾವೇನು?" ಎಂದೆ. ಅಪರೂಪಕ್ಕೆ ನಕ್ಕರು.

ಈ ಸೆಲೇರೊ ಯಾರ ಸ್ವತ್ತೂ ಅಲ್ಲ. ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದು ಚೆನ್ನಾಗಿದ್ದರೆ ಎಲ್ಲರಿಗೂ ಕೊಡಬಹುದು. ನಮ್ಮ ಬ್ಯಾಡಗಿಯ ಲೈನಿನಲ್ಲಿ ಅದರದೊಂದು ತೊಂದರೆ ಇತ್ತು. ದೊಡ್ಡ ಫೈಲು ಹೋಗುತ್ತಿರುವಾಗ ಲೈನು ಕಡಿಯಿತೆಂದರೆ ಮತ್ತೆ ಮೊದಲಿನಿಂದ ಶುರು. ಇಲ್ಲಿ ಕರೆಂಟು ಬಂದು ಹೋಗಿ ಆಟವಾಡುವಾಗ ಒಂದು ಮದುವೆ ಹಾವೇರಿ ಮುಟ್ಟುವಷ್ಟರಲ್ಲಿ ಮದುಮಗಳು ಬಾಣಂತಿಯಾಗಿರುತ್ತಿದ್ದಳು. ಪ್ರಭಣ್ಣ ಹೊಸರಿತ್ತಿಯ ಆಶ್ರಮದ ಶಾಲೆಯಲ್ಲಿ ನೂಲು ತೆಗೆದು ಬೆಳೆದವರು. ಎಳೆ ಕಡಿದರೆ ಅಲ್ಲಿ ಯಾರೂ ಹೊಸ ಕದಿರು ಹಿಡಿಯುತ್ತಿರಲಿಲ್ಲ, ಕಡಿದಲ್ಲೇ ಹತ್ತಿಯ ಹಂಜಿ ಹಿಡಿದು ಹೊಸೆದು ಮುಂದುವರಿಯುತ್ತಿದ್ದರು. ಅದೇ ಬುದ್ಧಿಯಿಂದ ಅವರು, ಕಡಿದಲ್ಲಿಂದಲೇ ಮುಂದುವರಿಸುವ ಒಂದು ಭಾಗವನ್ನು ಬರೆದು ಕೊಟ್ಟರು. ತೆರೇಜಾ ಅದನ್ನು ಸೇರಿಸಿಕೊಂಡು ಧನ್ಯವಾದ ಬರೆದಳು. ಆ ಧನ್ಯವಾದವನ್ನು ಪ್ರಿಂಟು ತೆಗೆದು ನನಗೆ ತೋರಿಸಿದರು.

"ಪಗಾರ ಎಷ್ಟ ಕೊಡ್ತಾರ?" ಎಂದೆ.

"ಏನೂ ಇಲ್ರಿ."

"ಹಂಗಾದ್ರ ಮಾಡೂದು ಯಾಕ?"

"ಅಲ್ಲಿ ನನ್ನ ಹೆಸರ ಗೊತ್ತೈತಿ" ಎಂದರು. ಈ ಊರಿನಲ್ಲಿ ಅವರನ್ನು ಎಲ್ಲರೂ 'ಫೋಟೋದಾಂವ' ಎನ್ನುತ್ತಿದ್ದರು, ಅದು ನನಗೆ ಆಗ ಹೊಳೆಯಿತು.

ಸೆಲೇರೊದವರಿಗೆ ವರ್ಷಕ್ಕೆ ಎರಡು ಸುಗ್ಗಿ. ಆರು ತಿಂಗಳು ಬರೆದು, ತಿದ್ದಿ, ಹೊಸ ಆವೃತ್ತಿ ಹೊರಗೆ ಬಿಡುವುದು; ಬಿಟ್ಟ ಕೂಡಲೇ ಇಂಟರ್ನೆಟ್ಟಿನ ಚಾಟಿನಲ್ಲಿ ಎಲ್ಲ ದೇಶದವರೂ ಕೂಡಿ ಮುಂದಿನ ಆರು ತಿಂಗಳಿಗೆ ಯಾವ ಕೆಲಸ, ಯಾರ ಹೆಗಲಿಗೆ ಎಂದು ಗೊತ್ತುಮಾಡುವುದು. ನವೆಂಬರಿನಲ್ಲಿ ಒಂದು ಸಭೆ, ಮೇ ತಿಂಗಳಿನಲ್ಲಿ ಒಂದು. ನಾನು ಅವಕ್ಕೆ ಹಿಂಗಾರಿ, ಮುಂಗಾರಿ ಎಂದು ಹೆಸರಿಟ್ಟಿದ್ದೆ. ಬಿತ್ತುವ ಮೊದಲು ಮನೆಯವರೆಲ್ಲ ಕೂತು ಯಾವ ಹೊಲಕ್ಕೆ ಏನು ಎಂದು ಮಾತಾಡುವುದಿಲ್ಲವೆ, ಅದೇ. ಯಾರೂ ಹೆಗಲು ಕೊಡದ ಕೆಲಸ ಆ ಸುಗ್ಗಿಗೆ ಬಿದ್ದುಹೋಗುತ್ತದೆ.

ಎರಡು ಸಾವಿರದ ಎಂಟರ ನವೆಂಬರ್ ಸಭೆಯ ಸಂಜೆ ನಾನು ಅಂಗಡಿಯ ಶಟರ್ ಎಳೆದು, ಅಂಟು ಕೇಳಲು ಸ್ಟುಡಿಯೋಕ್ಕೆ ಹೋದೆ. ಪ್ರಭಣ್ಣ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರು. ಪರದೆಯ ಮೇಲೆ ಇಂಗ್ಲಿಷಿನ ಸಾಲುಗಳು ಒಂದರ ಕೆಳಗೊಂದು ಏರುತ್ತಿದ್ದವು.

"ಸಭಾ ನಡದೈತಿ?"

"ನಡದೈತಿ."

"ಮತ್ತ ನೀವು ಸುಮ್ಮ ಕುಂತೀರಲ್ಲ?"

"ನಾ ಹೊರಗ ಅದೀನಿ."

ಹೊರಗೆ ಎಂದರೆ ಏನೆಂದು ವಿವರಿಸಿದರು. ಮಾತಾಡಬೇಕಾದರೆ ಹೆಸರು ಕೊಟ್ಟು ಒಳಗೆ ಹೋಗಬೇಕು. ಸುಮ್ಮನೆ ನೋಡುವವರಿಗೆ ಬೇರೆ ಪುಟವಿದೆ. ಅಲ್ಲಿ ಕೂತರೆ ಒಳಗಿನವರಿಗೆ ನೀವು ಇರುವುದೇ ಗೊತ್ತಾಗದು. ಪ್ರಭಣ್ಣ ಆ ಪುಟದಲ್ಲಿ ಕೂತಿದ್ದರು, ಮದುವೆ ಮನೆಯ ಎದುರಿನ ಕಟ್ಟೆಯ ಮೇಲೆ ಕೂತಂತೆ.

ಅವರು ಬರೆದುಕೊಟ್ಟ ಭಾಗದ ಸರದಿ ಬಂತು. ತೆರೇಜಾ ಬರೆದಳು: ಇದು ಹಳೆಯ ಕೋಡ್, ನಮ್ಮ ಹೊಸ ವ್ಯವಸ್ಥೆಗೆ ಹೊಂದುತ್ತಿಲ್ಲ, ಯಾರಾದರೂ ಹೊಸದಾಗಿ ಬರೆಯಬೇಕು; ಯಾರು ಮಾಡುತ್ತೀರಿ? ಉತ್ತರವಿಲ್ಲ. ಜರ್ಮನಿಯವನೊಬ್ಬ, ಈ ಕಾಲದಲ್ಲಿ ಲೈನು ಎಲ್ಲಿ ಕಡಿಯುತ್ತದೆ, ತೆಗೆದುಹಾಕಿಬಿಡೋಣ ಎಂದ. ಪ್ರಭಣ್ಣ ಒಂದೊಂದನ್ನೂ ನನಗೆ ಕನ್ನಡ ಮಾಡಿ ಹೇಳುತ್ತಿದ್ದರು, ಬೇರೆಯವರ ಮನೆಯ ಸುದ್ದಿ ಹೇಳುವವರಂತೆ.

"ಒಳಗ ಹೋಗ್ರಿ! ನಾ ಮಾಡ್ತೇನಿ ಅನ್ರಿ!" ನಾನು ಒದರಿದೆ.

"ಹೆಸರ ಹಿಡದ ಕರೀಲಿ, ಹೋಗ್ತೇನಿ."

"ಯಾರಾದರೂ?" ಎಂದು ತೆರೇಜಾ ಮತ್ತೊಮ್ಮೆ ಬರೆದಳು.

"ಯಾರಾದರೂ ಅಂದ್ರ ನಾನೇನು?" ಎಂದರು ಪ್ರಭಣ್ಣ. ಸಾಲುಗಳು ಏರಿದವು. ತೆರೇಜಾ ತೀರ್ಮಾನ ಬರೆದಳು: ಈ ಸುಗ್ಗಿಗೆ ಹಳೆಯದು ಹಾಗೇ ಇರಲಿ. ಮೇ ಸಭೆಯಲ್ಲಿ ಇದನ್ನು ವಹಿಸಿಕೊಳ್ಳುವವರು ಒಬ್ಬರು, ಪರೀಕ್ಷೆ ಮಾಡುವವರು ಇನ್ನೂ ಕೆಲವರು ಸಿಗದಿದ್ದರೆ ತೆಗೆಯುವುದು. ಆಮೇಲೆ ಅವರು ಬೇರೆ ಮಾತಿಗೆ ಹೋದರು.

ಆ ಭಾಗ ಹೋಯಿತೆಂದರೆ ಬ್ಯಾಡಗಿಯ ಲೈನಿನಲ್ಲಿ ಸೆಲೇರೊ ನಡೆಯುವುದಿಲ್ಲ, ಮೂರೂರಿನ ಕಣಜ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆಸರು ಗೊತ್ತಿದ್ದ ಒಂದೇ ಜಾಗದಿಂದ ಈ ಮನುಷ್ಯನ ಹೆಸರು ಅಳಿಯುತ್ತದೆ. ಸಂಕಟವಾದಾಗ ನಾನು ಬೈಯುತ್ತೇನೆ, ಬೈದೆ. ಅವರು ಅಂಟಿನ ಡಬ್ಬಿ ಕೊಟ್ಟು ಕಳಿಸಿದರು.

ಮರುದಿನ ತೆರೇಜಾಳ ಪತ್ರ ಬಂದಿತ್ತು. ನೀವು ಬರುತ್ತೀರಿ ಅಂದುಕೊಂಡಿದ್ದೆ, ಆ ಕೆಲಸ ನಿಮ್ಮದೇ ಅಲ್ಲವೆ, ಎಂದು.

"ಅಂದಕೊಂಡ್ರ ಸಾಕೇನ್ರಿ? ಹೇಳಬೇಕಲ್ಲ. ಗ್ವಾಡಿಗೆ ಚೀಟಿ ಹಚ್ಯಾರ, ಎಲ್ಲಾರೂ ಬರ್ರಿ ಅಂತ. ಅದು ಕರದಂಗಾತೇನು?"

"ಅಕಿ ಬ್ಯಾರೆ ಯಾರನ್ನಾದ್ರೂ ಹೆಸರ ಹಿಡದ ಕರದಾಳೇನು?" ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದ್ದು.

ಪ್ರಭಣ್ಣ ಸಭೆಯ ಸಾಲುಗಳನ್ನು ಮೇಲಿನಿಂದ ಇನ್ನೊಮ್ಮೆ ನೋಡಿದರು. "ಇಲ್ಲ. ಯಾರನ್ನೂ ಕರದಿಲ್ಲ" ಎಂದರು. ಎರಡು ದಿನ ಅದನ್ನೇ ಮೆಲುಕು ಹಾಕಿದರೆಂದು ಕಾಣುತ್ತದೆ. ಮೂರನೆಯ ದಿನ ಚಹಾ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು, ಅದೂ ತಾವಾಗಿ.

"ಅಕ್ಕಾರ, ನನ್ನಂಗ ಹೊರಗ ಕುಂತು ನೋಡಾಕತ್ತವರು ಇನ್ನೂ ಎಷ್ಟ ಮಂದಿ ಇದ್ದಾರು?"

ಆ ಚಳಿಗಾಲ ಅವರು ಎರಡು ಕೆಲಸ ಮಾಡಿದರು. ಮಾರ್ಕೆಟ್ಟಿಗೆ ಮೆಣಸಿನಕಾಯಿಯ ಗಾಡಿಗಳು ಬಂದು ಊರೆಲ್ಲ ಘಾಟೆದ್ದು ಸೀನುತ್ತಿರುವಾಗ, ಮೂಗಿಗೆ ಟವೆಲ್ಲು ಕಟ್ಟಿಕೊಂಡು ಆ ಭಾಗವನ್ನು ಹೊಸ ವ್ಯವಸ್ಥೆಗೆ ಹೊಂದುವಂತೆ ಮೊದಲಿನಿಂದ ಬರೆಯತೊಡಗಿದರು. ಮತ್ತೆ, ಸೆಲೇರೊದ ಹಳೆಯ ದೂರುಗಳನ್ನೆಲ್ಲ ಓದಿ, ಲೈನು ಕಡಿಯುತ್ತದೆ ಎಂದು ಯಾವತ್ತೋ ಒಮ್ಮೆ ಬರೆದು ಆಮೇಲೆ ಸುಮ್ಮನಾದವರನ್ನು ಹೆಕ್ಕಿದರು. ನೇಪಾಳದ ಬೆಟ್ಟದೂರಿನ ಒಂದು ಆಸ್ಪತ್ರೆಯ ನರ್ಸು. ಬೊಲಿವಿಯಾದ ಒಂದು ಹಳ್ಳಿಯ ರೇಡಿಯೋದವನು. ಘಾನಾದ ಮೇಷ್ಟ್ರು. ಇನ್ನೂ ಹಲವರು. ಅವರೊಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹೆಸರು ಹಿಡಿದು ಪತ್ರ ಬರೆಯುವುದೆಂದಾಯಿತು.

ಒಕ್ಕಣೆಗೆ ನನ್ನ ಸಲಹೆ ಕೇಳಿದರು. ನನಗೆ ಗೊತ್ತಿರುವುದು ಒಂದೇ ಒಕ್ಕಣೆ. ಹಾಗಾಗಿ ಘಾನಾದ ಮೇಷ್ಟ್ರಿಗೆ, ಮೇ ತಿಂಗಳ ಇಂಥ ದಿನ ನಮ್ಮಲ್ಲಿ ಮುಂದಿನ ಸುಗ್ಗಿಯ ಮಾತುಕತೆ ಇರುವುದರಿಂದ ತಾವು ಬಂಧುಮಿತ್ರರೊಡನೆ ಬಂದು ನಡೆಸಿಕೊಡಬೇಕು ಎಂದು ಇಂಗ್ಲಿಷಿನಲ್ಲಿ ಹೋಯಿತು. ಪ್ರಭಣ್ಣ ಪ್ರತಿ ಪತ್ರದ ನಾಲ್ಕು ಮೂಲೆಗೂ ಹಳದಿ ಬಣ್ಣ ಹಚ್ಚಿದರು, ಕಂಪ್ಯೂಟರಿನಲ್ಲೇ. ಕೆಳಗೆ, ಸುಖಾಗಮನ ಬಯಸುವವರು: ಪ್ರಭುಲಿಂಗಪ್ಪ, ಬ್ಯಾಡಗಿ.

ಒಬ್ಬರೂ ಉತ್ತರ ಬರೆಯಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ನನಗೆ ತಡೆಯಲಾಗದೆ ಕೇಳಿದರೆ, "ಕರಿಸಿಕೊಂಡವರು ಉತ್ತರ ಬರೀತಾರೇನ್ರಿ ಅಕ್ಕಾರ? ಬರ್ತಾರ" ಎಂದರು. ಹೇಳಿದ್ದು ಧೈರ್ಯವಾಗಿಯೇ. ಆದರೆ ದಿನವೂ ಬೆಳಿಗ್ಗೆ ಶಟರ್ ಎತ್ತಿ ಮೊದಲು ಕಂಪ್ಯೂಟರನ್ನೇ ನೋಡುವುದು, ನೋಡಿ ಸಪ್ಪಗಾಗುವುದು ನನಗೆ ಗೋಡೆಯಾಚೆಯಿಂದಲೇ ತಿಳಿಯುತ್ತಿತ್ತು. ಸ್ಟುಡಿಯೋದ ರೇಡಿಯೋ ಹಚ್ಚಿದ ದಿನ ಮನಸ್ಸು ಸರಿ ಇದೆ ಎಂದು ಲೆಕ್ಕ. ಆ ತಿಂಗಳುಗಳಲ್ಲಿ ರೇಡಿಯೋ ಹಾಡಿದ್ದು ಕಡಿಮೆ.

ಮೇ ಸಭೆಯ ಸಂಜೆ ಬಂತು. ಪ್ರಭಣ್ಣ ಗೂಟದಲ್ಲಿದ್ದ ಒಳ್ಳೆಯ ಅಂಗಿ ಇಸ್ತ್ರಿ ಮಾಡಿ ತೊಟ್ಟಿದ್ದರು. ಯಾರು ನೋಡುತ್ತಾರೆ ಎಂದು ಕೇಳಬೇಕೆಂದುಕೊಂಡವಳು ಬಾಯಿ ಮುಚ್ಚಿಕೊಂಡೆ. ಹತ್ತಿಪ್ಪತ್ತು ಮಂದಿಗಾಗುವಷ್ಟು ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ದೆ. ನಾವಿದ್ದದ್ದು ಇಬ್ಬರೇ. ಏಳಕ್ಕೆ ಅವರು ಹೆಸರು ಕೊಟ್ಟು ಒಳಗೆ ಹೋದರು. ಜೀವನದಲ್ಲಿ ಮೊದಲ ಸಲ ಕರೆಯದ ಮನೆಗೆ ಕಾಲಿಟ್ಟದ್ದು. 'ನಮಸ್ಕಾರ' ಎಂದು ಬರೆದರು. 'ಪ್ರಭು! ನಮಸ್ಕಾರ' ಎಂದು ತೆರೇಜಾ ಬರೆದಳು.

ಅಷ್ಟೇ. ಪರದೆ ನಿಂತುಬಿಟ್ಟಿತು.

ಕರೆಂಟು ಇತ್ತು, ಯುಪಿಎಸ್ಸೂ ಇತ್ತು. ಲೈನೇ ಸತ್ತಿತ್ತು. ನನ್ನ ಅಂಗಡಿಯ ಫೋನೂ ಸತ್ತಿತ್ತು. ಹೊರಗೆ ಓಡಿ ನೋಡಿದರೆ ರಸ್ತೆಯ ಕೊನೆಯಲ್ಲಿ ನಳದ ಪೈಪಿಗೆ ತಗ್ಗು ತೋಡುವವರು ಕೇಬಲ್ ಕಡಿದು, ಬಗ್ಗಿ ನೋಡುತ್ತ ನಿಂತಿದ್ದರು. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಟೆಲಿಫೋನಿನ ಲೈನ್‌ಮನ್ ಹಜರತಅಲಿ ಸೈಕಲ್ ಮೇಲೆ ಬಂದು, ಹಣೆ ಬಡಿದುಕೊಂಡ.

"ಅರ್ಧ ಊರಿನ ಲೈನ್ ಹೋಗ್ಯಾವ್ರಿ. ನಾಳಿ ಮುಂಜಾನಿ ಮಟ ಆಗೂದಿಲ್ಲ."

ಸೈಬರ್ ಕೆಫೆಗೆ ಓಡಿದೆವು, ಅದೂ ಅದೇ ಕೇಬಲ್ಲು. ಮೊಬೈಲಿನಿಂದ ಸಿದ್ದಲಿಂಗೇಶನಿಗೆ ಮಾಡಿದರೆ ಹಿಂದೆ ಬ್ಯಾಂಡಿನ ಗದ್ದಲ, "ನಾ ಲಗ್ನದಾಗ ಅದೀನ್ರಿ ಸರ, ಏನೂ ಕೇಳವಲ್ದು!" ಸಕೀನಾಬಿ ಕೋರ್ಟು ಮುಗಿಯುತ್ತಲೇ ಅಂಗಡಿ ಮುಚ್ಚಿ ಮನೆಗೆ ಹೋಗುವವಳು. ರಾಣೆಬೆನ್ನೂರಿನ ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಸಭೆ ಮುಗಿದಿರುತ್ತಿತ್ತು.

ತಿರುಗಿ ಬಂದು ಸ್ಟುಡಿಯೋದ ಕುರ್ಚಿಯಲ್ಲಿ ಕೂತರು. ನನಗೆ ಆ ಹಳೆಯ ಮದುವೆಯ ದಿನವೇ ನೆನಪಾಯಿತು. ಅದೇ ಕುರ್ಚಿ, ಇಸ್ತ್ರಿಯ ಅಂಗಿ.

"ನಾನ ಕರದೇನಿ. ಬಂದವರು ನನ್ನ ಹುಡುಕ್ತಾರ. ನಾನ ಇಲ್ಲ" ಎಂದರು.

ಯಾರೂ ಬಂದಿರಲಿಕ್ಕಿಲ್ಲ ಎಂಬ ಯೋಚನೆ ನನ್ನದು. ಅದನ್ನು ಹೇಳದಷ್ಟು ಬುದ್ಧಿ ನನಗೂ ಇದೆ. ಗಿರ್ಮಿಟ್ಟಿನ ಮಂಡಕ್ಕಿ ಮೆತ್ತಗಾಗಿ, ಕೊನೆಗೆ ಪೈಪಿನವರಿಗೇ ಕೊಟ್ಟೆ. ಬೈದದ್ದೂ ಅವರನ್ನೇ, ತಿನ್ನಿಸಿದ್ದೂ ಅವರಿಗೇ.

ಬೆಳಿಗ್ಗೆ ಗೋಡೆಯನ್ನು ಬಡಿದ ಸದ್ದಾಯಿತು. ಅಷ್ಟು ವರ್ಷಗಳಲ್ಲಿ ಅವರು ಗೋಡೆ ಬಡಿದದ್ದಿಲ್ಲ. ಹೋದೆ. ಹಜರತಅಲಿ ಬೆಳಕು ಹರಿಯುವಾಗಲೇ ತಗ್ಗಿನಲ್ಲಿ ಇಳಿದು ತಂತಿ ಕೂಡಿಸಿದ್ದ. ಪರದೆಯ ಮೇಲೆ ಹಿಂದಿನ ಸಂಜೆಯ ಮಾತುಕತೆ ಪೂರಾ ಇತ್ತು. ಪ್ರಭಣ್ಣ ಓದಿ ಓದಿ ಕನ್ನಡದಲ್ಲಿ ಹೇಳಿದರು.

ಮೊದಲು ಅವರ ನಮಸ್ಕಾರ, ಕೆಳಗೆ ಯಂತ್ರವೇ ಬರೆದ ಸಾಲು: ಪ್ರಭು ಹೊರಟುಹೋದರು. ಅದರ ಕೆಳಗೆ ನೇಪಾಳದ ನರ್ಸು ಬಂದಿದ್ದಳು. 'ಪ್ರಭು ಕರೆದಿದ್ದರು, ಬಂದೆ.' ಘಾನಾದ ಮೇಷ್ಟ್ರು ಬಂದಿದ್ದರು. 'ಪ್ರಭು ಕರೆದಿದ್ದರು. ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದೇನೆ, ಪತ್ರದಲ್ಲಿ ಹಾಗೇ ಇತ್ತು.' ಒಬ್ಬರ ಹಿಂದೊಬ್ಬರು, ನಾವು ಹೆಸರು ಕೇಳದ ಊರಿನವರು, ಎಲ್ಲರದೂ ಅದೇ ಮಾತು. ಇಷ್ಟು ಮಂದಿ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ ಎಂದು ತೆರೇಜಾ ಬರೆದಿದ್ದಳು. ಪ್ರಭು ಎಲ್ಲಿ ಎಂದು ನರ್ಸು ಕೇಳಿದ್ದಳು. ಲೈನು ಕಡಿದಿರಬೇಕು ಎಂದು ತೆರೇಜಾ. ಬೊಲಿವಿಯಾದವನು, ಹಾಗಾದರೆ ಈ ಕೆಲಸ ಬೇಕೋ ಬೇಡವೋ ಎಂದು ಇನ್ನೂ ಚರ್ಚೆ ಮಾಡಬೇಕೆ ಎಂದು ಕೇಳಿದ್ದ. ಜರ್ಮನಿಯವನು, ಕ್ಷಮಿಸಿ, ಪರೀಕ್ಷೆಗೆ ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದಿದ್ದ.

ಕೆಲಸ ಉಳಿದಿತ್ತು. ಪರೀಕ್ಷೆಗೆ ಸಾಲಾಗಿ ಹೆಸರುಗಳಿದ್ದವು. ವಹಿಸಿಕೊಳ್ಳುವವರ ಜಾಗದಲ್ಲಿ ಮಾತ್ರ ಯಾರ ಹೆಸರನ್ನೂ ಬರೆದಿರಲಿಲ್ಲ. ಸಭೆ ಮುಗಿಸುವ ಮೊದಲು ತೆರೇಜಾ ಬರೆದಿದ್ದಳು: 'ಪ್ರಭು?' ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ಪ್ರಭು, ಇದ್ದೀರಾ?' ಕೊನೆಗೊಮ್ಮೆ, 'ಪ್ರಭು, ಈ ಜಾಗ ನಿಮ್ಮದು. ಮನೆಯವರನ್ನು ಕರೆಯಬೇಕೆಂದು ನನಗೆ ಗೊತ್ತಿರಲಿಲ್ಲ.'

ಪ್ರಭಣ್ಣ ಪರದೆಯ ಮೇಲಿನ ತಮ್ಮ ಹೆಸರನ್ನು ಬೆರಳಿನಿಂದ ಮುಟ್ಟಿದರು.

"ನಾ ಇಲ್ಲದಾಗ ಕರದಾರ" ಎಂದರು.

ಆ ಖಾಲಿ ಜಾಗದಲ್ಲಿ ಹೆಸರು ಬರೆದರು. ಚಾಟಿನ ಒಳಗೆ ಹೋಗಿ 'ಬಂದೇನಿ' ಎಂದು, ಕನ್ನಡದ್ದೇ ಮಾತು, ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಅಲ್ಲಿ ಯಾರೂ ಇರಲಿಲ್ಲ, ಎಲ್ಲ ದೇಶದವರೂ ಎದ್ದು ಹೋಗಿದ್ದರು. ಬಹಳ ಹೊತ್ತು ಕಾದರು, ಯಾರಾದರೂ ಬಂದಾರೆಂದು. ಬರಲಿಲ್ಲ.

ನಾನು ಏಳಲು ಹೋದೆ. ಅವರು ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ಅಕ್ಕಾರ, ಅತ್ತಿಗಿ ಅವತ್ತ ಏನ ಹೇಳಿದ್ಲು? ಇನ್ನೊಮ್ಮೆ ಹೇಳ್ರಿ. ಪೂರಾ ಹೇಳ್ರಿ."

ಹೇಳಿದೆ. ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತಿಗೆ ರುದ್ರಮುನಿಯವರು ವಾದ್ಯ ನಿಲ್ಲಿಸಿದರಂತೆ. ನನ್ನ ತಮ್ಮ ಬರುವವನಿದ್ದಾನೆ, ತಡೆಯಿರಿ ಎಂದರಂತೆ. ಹಂದರದ ಬಾಗಿಲಿಗೆ ಹೋಗಿ, ರಸ್ತೆಯ ಕಡೆ ಮುಖಮಾಡಿ, "ಪ್ರಭೂ, ಏ ಪ್ರಭೂ" ಎಂದು ಒದರಿದರಂತೆ. ಬೀಗರು ಮುಖ ಮುಖ ನೋಡಿಕೊಂಡರು, ಮುಹೂರ್ತ ಮೀರುತ್ತದೆ ಎಂದು ಲಗ್ನ ಮಾಡಿಸುವ ಅಯ್ಯನವರು ಅವಸರ ಮಾಡಿದರು, ಆದರೂ ಇನ್ನೊಮ್ಮೆ ಒದರಿದರಂತೆ. ಆಮೇಲೆ ತಾವೇ ಎರಡು ಪಾಲು ಅಕ್ಕಿಕಾಳು ತೆಗೆದುಕೊಂಡು, ಒಂದು ತಮ್ಮದು, ಒಂದು ಪ್ರಭುವಿನದು ಎಂದು ಮಗಳ ಮೇಲೆ ಹಾಕಿದರಂತೆ.

ಪ್ರಭಣ್ಣ ಕೇಳಿಸಿಕೊಂಡರು. ಈ ಸಲ ಕೈ ಎತ್ತಲಿಲ್ಲ.

"ಬಂದೇನಿ ಅನ್ನಾಕ ಅಲ್ಲಿ ಕರದಾಂವನ ಉಳಿದಿಲ್ಲಲ್ರಿ" ಎಂದರು.

ಹೊರಗೆ ಯಾರೋ ಪಾಸ್‌ಪೋರ್ಟ್ ಫೋಟೋಕ್ಕೆ ಬಂದು "ಫೋಟೋದವರ" ಎಂದು ಕೂಗಿದರು. ಅವರು ಮುಖ ಒರೆಸಿಕೊಂಡು ದೀಪ ಹಚ್ಚಲು ಎದ್ದರು, ನಾನು ನನ್ನ ಅಂಗಡಿ ತೆರೆಯಲು ಹೋದೆ.